ಡಬ್ಬಿ ಬಿಚ್ಚದೇ 'ಓಡಲ್ಲ' ಅನ್ನಬೇಡಿ

ನಿನ್ನೆ ಸಂಜೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ನಮ್ಮ ಓಣಿಯ ಹುಡುಗ, ಪಿಯುಸಿ ಓದುತ್ತಾನೆ. ಅಪ್ಪನ ಟಂಟಂ ಆಟೋದಲ್ಲಿ ಸಿಪಿಯು ಡಬ್ಬಿ ತೊಡೆ ಮೇಲೆ ಇಟ್ಟುಕೊಂಡು ಸ್ಟೇಷನ್ ರಸ್ತೆ ಕಡೆಯ ಕಂಪ್ಯೂಟರ್ ಅಂಗಡಿಯಿಂದ ವಾಪಸ್ ಬಂದ. ಮುಖ ಸಣ್ಣದಾಗಿತ್ತು. 'ಯಾಕೋ ತಮ್ಮಾ, ಏನಾತು?' ಅಂದೆ.

'ಕಾಕಾ, ಇದು ಹಳೇದಾತು ಅಂದ್ರು. ಜಿಟಿಎ ಫೈವ್ ಆಟ ಇದರಾಗ ಓಡೂದಿಲ್ಲಂತ. ಹೊಸಾದು ತಗೋರಿ ಅಂದ್ರು.'

ಎಷ್ಟಕ್ಕೆ? ಅರವತ್ತು ಸಾವಿರ. ಅವರಪ್ಪ ಟಂಟಂ ಓಡಿಸಿ ಮನೆ ನಡೆಸುವವರು. ಅಂಗಡಿಯಲ್ಲಿ ಡಬ್ಬಿ ಬಿಚ್ಚಿ ನೋಡಿದ್ರಾ? ಇಲ್ಲ. ಆನ್ ಮಾಡಿದ್ರಾ? ಅದೂ ಇಲ್ಲ. ಯಾವ ವರ್ಷದ್ದು ಅಂತ ಕೇಳಿದರು, ಹೇಳಿದ, ಮುಗೀತು.

ಮನೆಗೆ ಕರೆದುಕೊಂಡು ಬಂದೆ. ಬಿಚ್ಚಿದೆ. ಒಳಗೆ ರೈಜನ್ 3 2200ಜಿ, 2018ರಲ್ಲಿ ಬಂದ ಚಿಪ್ಪು. ಜಿಟಿಎ ಫೈವ್ ಪಿಸಿಗೆ ಬಂದದ್ದು 2015ರಲ್ಲಿ. ಆಟಕ್ಕಿಂತ ಚಿಪ್ಪೇ 3 ವರ್ಷ ಚಿಕ್ಕದು! ಇದನ್ನು ಹಳೇದು ಅನ್ನುವುದು ಹೇಗೆ?

ಫ್ಯಾನಿನ ಮೇಲೆ ಧೂಳು ಕಂಬಳಿ ಹಾಗೆ ಕೂತಿತ್ತು. ನಮ್ಮ ವಿಜಯಪುರದ ಧೂಳು, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ನಿಮಗೆ ಗೊತ್ತೇ ಇದೆ. ಚಿಪ್ಪು ತುಂಬಾ ಕಾದರೆ ಸುಟ್ಟುಹೋಗದಿರಲಿ ಅಂತ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆಟ ತಡವರಿಸುತ್ತದೆ. ಬ್ರಷ್ ಹಿಡಿದು ಒರೆಸಿ, ಚಿಪ್ಪಿನ ಬಿಸಿ ಹೊರಗೆ ಸಾಗಿಸುವ, ಒಣಗಿದ ಥರ್ಮಲ್ ಪೇಸ್ಟ್ ತೆಗೆದು ಹೊಸದು ಹಚ್ಚಿದೆ.

ಅಸಲಿ ವಿಷಯ ಸಿಸ್ಟಮ್ ಕೆಲಸ ಮಾಡುವಾಗ ಬಳಸುವ ಮೆಮೊರಿ, ಅಂದರೆ ರ‍್ಯಾಮ್‌ನಲ್ಲಿತ್ತು. 8 ಜಿಬಿಯ ಒಂದೇ ಸ್ಟಿಕ್. ಪಕ್ಕದ ಸ್ಲಾಟ್ ಖಾಲಿ. ಈ ಸಿಸ್ಟಮ್‌ಗೆ ಆಟದ ಚಿತ್ರ ಮೂಡಿಸುವ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಚಿಪ್ಪಿನೊಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇರುವುದಿಲ್ಲ, ರ‍್ಯಾಮ್‌ನಿಂದಲೇ ತೆಗೆದುಕೊಳ್ಳುತ್ತದೆ. ಒಂದು ಸ್ಟಿಕ್ ಇದ್ದರೆ ಡೇಟಾ ಬರೋದಕ್ಕೆ, ಹೋಗೋದಕ್ಕೆ ಒಂದೇ ದಾರಿ. ಎರಡು ಹಾಕಿದರೆ ದಾರಿ ಎರಡಾಗುತ್ತದೆ. ನನ್ನ ಹತ್ತಿರ ಇದ್ದ ಇನ್ನೊಂದು 8 ಜಿಬಿ ಹಾಕಿದೆ. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯೋಸ್ ತೆಗೆದರೆ ಮತ್ತೊಂದು ಸಂಗತಿ. ಸ್ಟಿಕ್‌ಗಳ ಮೇಲೆ 3000 ಅಂತ ವೇಗ ಬರೆದಿದೆ, ಓಡುತ್ತಿರೋದು 2133ರಲ್ಲಿ. ಎಕ್ಸ್‌ಎಂಪಿ ಅನ್ನೋ, ಬರೆದ ವೇಗದಲ್ಲಿ ಓಡಿಸುವ ಒಂದು ಆಯ್ಕೆ ಆನ್ ಮಾಡಿದರೆ ಸಾಕಿತ್ತು. ಇಷ್ಟು ವರ್ಷ ಯಾರೂ ಮಾಡಿರಲಿಲ್ಲ.

ಆಮೇಲೆ ಆಟದ ಸೆಟ್ಟಿಂಗ್. ಚಿತ್ರದ ಅಂಚುಗಳನ್ನು ನುಣುಪು ಮಾಡುವ ಎಂಎಸ್‌ಎಎ ಪೂರ್ತಿ ಆಫ್. ಹುಲ್ಲನ್ನು ಅಲ್ಟ್ರಾದಿಂದ ನಾರ್ಮಲ್‌ಗೆ ಇಳಿಸಿದೆ. ಈ ಆಟದಲ್ಲಿ ಆ ಹುಲ್ಲು ತಿನ್ನುವಷ್ಟು ಶಕ್ತಿ ಬೇರೆ ಕೆಲವೇ ಸೆಟ್ಟಿಂಗ್ ತಿನ್ನುತ್ತವೆ. ಮೊದಲು ಆಟದೊಳಗೆ ಊರ ಹೊರಗಿನ ಗುಡ್ಡದ ಕಡೆ ಹೋದರೆ ಸೆಕೆಂಡಿಗೆ 22 ಫ್ರೇಮ್ (ಚಿತ್ರ). ಈಗ 50ರ ಮೇಲೆ. ಹುಡುಗ ಮಾತೇ ಆಡಲಿಲ್ಲ. ಸುಮ್ನೆ ಗಾಡಿ ಓಡಿಸುತ್ತಾ ಕೂತ. ಅವರಪ್ಪ ಬಾಗಿಲಲ್ಲಿ ನಿಂತು, 'ಸರ, ಹಂಗಾದ್ರ ಹೊಸಾದು ಬ್ಯಾಡೇನ್ರಿ?' ಅಂತ ಎರಡು ಸಲ ಕೇಳಿದರು.

ಆ ಎರಡನೇ ಸಲ ಕೇಳಿದ್ದು ನನಗೆ ನಾಟಿತು. ಯಾಕೆ ಅಂತ ಹೇಳುತ್ತೇನೆ.

2009ರಲ್ಲಿ ನಾನೂ ಹೀಗೇ ಅಂಗಡಿಯವರ ಮಾತು ನಂಬಿದ್ದೆ. ನಮ್ಮ ತಿಕೋಟಾ ತೋಟದ ಒಣದ್ರಾಕ್ಷಿ ಮಾರಿ ಬಂದ ದುಡ್ಡಿನಲ್ಲಿ ಅಪ್ಪ ಒಂದು ಗ್ರಾಫಿಕ್ಸ್ ಕಾರ್ಡ್ ಕೊಡಿಸಿದರು. ಡಬ್ಬಿ ಮೇಲೆ 1 ಜಿಬಿ ಅಂತ ದೊಡ್ಡದಾಗಿ ಇತ್ತು. ಮೆಮೊರಿ ಜಾಸ್ತಿ, ಚಿಪ್ಪು ನಿಧಾನ. ಆಟ ಮೊದಲಿನ ಹಾಗೇ ತಡವರಿಸಿತು. ರೆಸಲ್ಯೂಶನ್ ಒಂದು ಹಂತ ಇಳಿಸಿ, ನೆರಳು ಆಫ್ ಮಾಡಿದ್ದರೆ ಕಾರ್ಡೇ ಬೇಕಿರಲಿಲ್ಲ ಅಂತ ತಿಂಗಳಾದ ಮೇಲೆ ಗೊತ್ತಾಯಿತು. ಅಪ್ಪ 'ಛಲೋ ಓಡ್ತೈತೇನಪಾ?' ಅಂದಾಗ 'ಹೂಂ' ಅಂದಿದ್ದೆ. ಅದು ಸುಳ್ಳು. ಇಲ್ಲೇ ಮೊದಲ ಸಲ ಹೇಳುತ್ತಿದ್ದೇನೆ. ನಾನು ಸಿಸ್ಟಮ್ ಬಿಚ್ಚೋದು ಕಲಿತದ್ದೇ ಆ ಸಂಕಟಕ್ಕೆ.

ಒಬ್ಬ ಗೆಳೆಯ ಆಗಲೇ ಫೋನ್ ಮಾಡಿ ವಾದ ಹಾಕಿದ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, 2200ಜಿ ವಿಂಡೋಸ್ 11 ಬೆಂಬಲಿಸುವ ಚಿಪ್ಪುಗಳ ಪಟ್ಟಿಯಲ್ಲಿ ಇಲ್ಲ, ಅಂದಮೇಲೆ ಅಂಗಡಿಯವರು ಹೇಳಿದ್ದು ಸರಿ ಅಂತ. ಪಟ್ಟಿಯ ಮಾತು ನಿಜ. ಆದರೆ ಅಂಗಡಿಯಲ್ಲಿ ಯಾರೂ ಅದನ್ನು ಹೇಳಲಿಲ್ಲ. 'ಆಟ ಓಡಲ್ಲ' ಅಂದರು, ಅಷ್ಟೇ. ಮತ್ತೆ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಇಲ್ಲವಾ? 2018ರಲ್ಲಿ ಆಟದ ಕಂಪನಿ ವಾಲ್ವ್ ಪ್ರೋಟಾನ್ ಅನ್ನೋ ಸಾಫ್ಟ್‌ವೇರ್ ತಂದ ಮೇಲೆ ವಿಂಡೋಸ್ ಆಟಗಳು ಅಲ್ಲೂ ಓಡುತ್ತಿವೆ. ಅದೇ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ನಿಂತಿರೋದೇ ಅದರ ಮೇಲೆ. ಜಿಟಿಎ ಆನ್‌ಲೈನ್ ಮಾತ್ರ 2024ರ ಸೆಪ್ಟೆಂಬರಿನಿಂದ ಲಿನಕ್ಸ್‌ನಲ್ಲಿ ನಡೆಯಲ್ಲ, ಚೀಟಿಂಗ್ ತಡೆಯುವ ಸಾಫ್ಟ್‌ವೇರ್ ಬಿಡೋದಿಲ್ಲ. ಒಬ್ಬರೇ ಆಡುವ ಕಥೆ ಚೆನ್ನಾಗೇ ಓಡುತ್ತದೆ. ಈ ಹುಡುಗನಿಗೆ ಬೇಕಿರೋದೂ ಅದೇ.

ಇದನ್ನೆಲ್ಲ ಹುಡುಗಾಟ ಅನ್ನುವವರಿಗೆ ಒಂದು ಮಾತು. 2012ರಲ್ಲಿ ಡಾರ್ಕ್ ಸೋಲ್ಸ್ ಅನ್ನೋ ಆಟ ಪಿಸಿಗೆ ಬಂದಾಗ ನಿಮ್ಮ ಮಾನಿಟರ್ ಎಷ್ಟೇ ದೊಡ್ಡದಿರಲಿ, ಒಳಗೆ ಚಿತ್ರ ಬರೀ 1024×720 ಚುಕ್ಕೆಗಳದ್ದು. ಒಬ್ಬ ಅಭಿಮಾನಿ ಡಿಎಸ್‌ಫಿಕ್ಸ್ ಅನ್ನೋ ಸಣ್ಣ ಮಾಡ್ (ಆಟಕ್ಕೆ ಸೇರಿಸುವ ತಿದ್ದುಪಡಿ) ಬರೆದು, ಆಟ ಬಂದ ಕೆಲವೇ ಗಂಟೆಗಳಲ್ಲಿ ಸರಿ ಮಾಡಿ ಎಲ್ಲರಿಗೂ ಪುಕ್ಕಟೆ ಹಂಚಿದ. ಹೊಸ ಸಿಸ್ಟಮ್ ಕೊಂಡವರಿಗೂ ಅವನ ಮಾಡೇ ಬೇಕಾಯಿತು, ಅಲ್ವಾ?

ಹೊಸ ಸಿಸ್ಟಮ್ ತಗೋಬೇಡಿ ಅಂತ ನಾನು ಹೇಳುತ್ತಿಲ್ಲ. ಬಿಚ್ಚಿ ನೋಡದೇ 'ಓಡಲ್ಲ' ಅನ್ನಬೇಡಿ ಅಂತಿದ್ದೇನೆ.

ನಮ್ಮ ಊರಲ್ಲಿ ಯಾರ ಮನೆಯಲ್ಲಾದರೂ ಇಂಥ ಸಿಸ್ಟಮ್ ಇದ್ದರೆ, ದುಡ್ಡು ಕೊಡೋ ಮುಂಚೆ ನನಗೊಂದು ಫೋನ್ ಮಾಡಿ. ಸಂಜೆ 7ರ ಮೇಲೆ ಮನೆಯಲ್ಲೇ ಇರುತ್ತೇನೆ. ಮಾನಿಟರ್ ತರಬೇಡಿ, ನನ್ನದಿದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಮರೆಯಬೇಡಿ.