ಅದು ಸಿನಿಮಾ ಸೆಟ್ಟಲ್ಲ, ಕೆಡವಿದ ಮನೆ

ನಿನ್ನೆ ಸಂಜೆ ನಮ್ಮ ಕಲಾಸಕ್ತರ ಕೂಟದಲ್ಲಿ ನಾನು ಕಪ್ಪು ಜನರ ನಿನ್ನೆಯನ್ನೂ ನಾಳೆಯನ್ನೂ ಕಲ್ಪನೆಯಲ್ಲಿ ಮರುಕಟ್ಟುವ ಆಫ್ರೋಫ್ಯೂಚರಿಸಂ ಎಂಬ ಕಲಾಧಾರೆಯ ಕುರಿತು ಚಿತ್ರಗಳನ್ನು ತೋರಿಸುತ್ತಿದ್ದಾಗ ಹಿರಿಯರೊಬ್ಬರು ನಡುವೆ ಎದ್ದು, "ಇದರಲ್ಲಿ ಕಲೆ ಎಲ್ಲಿದೆ ಮೇಡಂ? ಸಿನಿಮಾ ಸೆಟ್ಟಿನ ಹಾಗಿದೆ, ಬರೀ ಕಲ್ಪನೆ" ಎಂದರು. ಹಲವರು ತಲೆಯಾಡಿಸಿದರು. ಸಮಯ ಮುಗಿದಿದ್ದರಿಂದ ಉತ್ತರಿಸಲಾಗಲಿಲ್ಲ. ಎರಡು ದಶಕ ಮಕ್ಕಳಿಗೆ ಚಿತ್ರಕಲೆ ಕಲಿಸಿದ ನನಗೆ ಆ 'ಬರೀ' ಎಂಬ ಮಾತು ಎಷ್ಟು ನೋವು ಕೊಟ್ಟಿತೆಂಬುದು ನಿಮಗೆ ಅರ್ಥವಾದೀತು.

ಅವರು ಸೆಟ್ಟು ಎಂದದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2021ರ ನವೆಂಬರಿನಲ್ಲಿ ತೆರೆದ ಕೋಣೆಯೊಂದನ್ನು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಹ್ಯಾನಾ ಬೀಚ್ಲರ್ ಸಿನಿಮಾದ ಕಲಾನಿರ್ದೇಶನದಿಂದ ಬಂದವರೆಂಬುದು ನಿಜ. ಆದರೆ ಆ ಕೋಣೆಯ ಬೇರು ಇರುವುದು ಸೆನೆಕಾ ವಿಲೇಜ್ ಎಂಬ ಊರಿನಲ್ಲಿ. 1825ರಲ್ಲಿ ಕಪ್ಪು ಜನ ಜಾಗ ಕೊಂಡು ಕಟ್ಟತೊಡಗಿದ ಆ ಊರಿನಲ್ಲಿ ಮನೆಗಳಿದ್ದವು, ಚರ್ಚುಗಳಿದ್ದವು, ಶಾಲೆಯಿತ್ತು. ಆ ಕಾಲದ ನ್ಯೂಯಾರ್ಕ್ ರಾಜ್ಯದಲ್ಲಿ ಕಪ್ಪು ಗಂಡಸು ಮತ ಹಾಕಬೇಕಾದರೆ 250 ಡಾಲರ್ ಬೆಲೆಯ ಆಸ್ತಿ ಹೊಂದಿರಬೇಕಿತ್ತು. ಬಿಳಿಯರಿಗೆ ಅಂಥ ಷರತ್ತನ್ನು ತೆಗೆದುಹಾಕಿಯಾಗಿತ್ತು. ಹಾಗಾಗಿ ಅಲ್ಲಿ ಸ್ವಂತ ಮನೆಯೆಂದರೆ ಸೂರಷ್ಟೇ ಅಲ್ಲ, ಮತದ ಹಕ್ಕಿನ ದಾರಿಯೂ ಆಗಿತ್ತು. ಸೆಂಟ್ರಲ್ ಪಾರ್ಕಿಗಾಗಿ ನಗರಾಡಳಿತವು ಜಾಗವನ್ನು ವಶಪಡಿಸಿಕೊಂಡು, 1857ರ ಹೊತ್ತಿಗೆ ಊರನ್ನೇ ಇಲ್ಲವಾಗಿಸಿತು. ಮ್ಯೂಸಿಯಂ ನಿಂತಿರುವುದು ಆ ಸ್ಥಳದಿಂದ ಕೆಲವೇ ನೂರು ಮೀಟರ್ ದೂರದಲ್ಲಿ.

ಆ ಊರು ಉಳಿದಿದ್ದರೆ, ಅಲ್ಲಿನ ಒಂದು ಕುಟುಂಬ ಅದೇ ಮನೆಯಲ್ಲಿ ತಲೆಮಾರುಗಳಿಂದ ಬಾಳುತ್ತ ಬಂದಿದ್ದರೆ, ಇಂದು ಅವರ ಒಲೆಯ ಸುತ್ತ ಏನೇನು ಇರುತ್ತಿತ್ತು ಎಂಬುದೇ ಆ ಕೋಣೆಯ ಪ್ರಶ್ನೆ. ಕಲಾವಿದೆ ಎನ್‌ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ಅದರ ಗೋಡೆಗೆ ರಚಿಸಿದ ಕಾಗದದಲ್ಲಿ ಹಳೆಯ ಊರಿನ ನಕ್ಷೆಯೂ, ಆಫ್ರಿಕಾದಿಂದ ಗುಲಾಮರ ಜೊತೆ ಅಟ್ಲಾಂಟಿಕ್ ದಾಟಿದ ಬೆಂಡೆ ಗಿಡವೂ ಒಂದರ ಮೇಲೊಂದು ಹರಡಿಕೊಂಡಿವೆ. ನಕ್ಷೆಯನ್ನು ಕಂಡ ಮೇಲೂ ಇದನ್ನು ಬರೀ ಕಲ್ಪನೆ ಎನ್ನಲು ಹೇಗೆ ಸಾಧ್ಯ?

ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ನೈರೋಬಿಯಲ್ಲಿ ಹುಟ್ಟಿದ ಕಲಾವಿದೆ ವಾಂಗೆಚಿ ಮುಟು ಅವರ ಕೊಲಾಜ್‌ಗಳನ್ನು ಮೊದಲ ಸಲ ಕಂಡಾಗ ನಾನೂ ವಿಕಾರವೆಂದುಕೊಂಡು ಪುಟ ತಿರುವಿದ್ದೆ. ಫ್ಯಾಷನ್ ಪತ್ರಿಕೆಗಳಿಂದಲೂ ವೈದ್ಯಕೀಯ ಪುಸ್ತಕಗಳಿಂದಲೂ ಕತ್ತರಿಸಿ ಜೋಡಿಸಿದ ಆ ಹೆಣ್ಣುದೇಹಗಳು, ಕಪ್ಪು ಹೆಣ್ಣನ್ನು ಲೋಕ ಯಾವ ಯಾವ ಕಣ್ಣಿನಿಂದ ನೋಡಿದೆಯೋ ಆ ಎಲ್ಲ ಕಣ್ಣುಗಳ ಸಾಕ್ಷ್ಯವೆಂದು ತಿಳಿಯಲು ನನಗೆ ವರ್ಷಗಳು ಬೇಕಾದವು. ಅದೇ ಮ್ಯೂಸಿಯಂ ಮುಂಭಾಗದಲ್ಲಿ ಶಿಲ್ಪಗಳಿಗೆಂದೇ ಕಟ್ಟಿ 1902ರಿಂದ ಖಾಲಿ ಬಿಟ್ಟಿದ್ದ ಗೂಡುಗಳಲ್ಲಿ 2019ರಲ್ಲಿ ಅವರ ನಾಲ್ಕು ಕಂಚಿನ ಸ್ತ್ರೀಯರು ಬಂದು ಕುಳಿತರು. ತಲೆಯ ಮೇಲೆ ಯಾವ ಭಾರವನ್ನೂ ಹೊರದೆ ನೆಟ್ಟಗೆ ಕುಳಿತ ಆ ಭಂಗಿಯ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಆಫ್ರೋಫ್ಯೂಚರಿಸಂ ಎಂಬ ಹೆಸರನ್ನು 1993ರಲ್ಲಿ ಕೊಟ್ಟವರು ಮಾರ್ಕ್ ಡೆರಿ ಎಂಬ ಬಿಳಿಯ ವಿಮರ್ಶಕರು, ಆದ್ದರಿಂದ ಇದು ಹೊರಗಿನವರು ಅಂಟಿಸಿದ ಚೀಟಿ ಎಂಬ ವಾದವೂ ನಿನ್ನೆ ಬಂತು. ಹೆಸರಿನ ತಕರಾರು ಇದೆ, ನೈಜೀರಿಯಾ ಮೂಲದ ಲೇಖಕಿ ನೆಡಿ ಒಕೊರಾಫೋರ್ ಬೇರೆ ಪದವನ್ನೇ ಬಳಸುತ್ತಾರೆ. ಆದರೆ ಮಗು ಹುಟ್ಟಿ ಬೆಳೆದ ಮೇಲೆ ಇಟ್ಟ ಹೆಸರಿಗಾಗಿ ಮಗುವನ್ನೇ ಅಲ್ಲಗಳೆಯಬಹುದೇ? ಅಮೆರಿಕದ ಜಾಝ್ ಸಂಗೀತಗಾರ ಸನ್ ರಾ ತಾನು ಶನಿಗ್ರಹದವನೆಂದು ಸಾರಿ ನಾಲ್ಕು ದಶಕಗಳಾದ ಮೇಲೆ ಬಂದ ಹೆಸರಿದು.

ಗುಲಾಮರ ಹಡಗುಗಳಿಂದ ಗರ್ಭಿಣಿಯರನ್ನು ಸಮುದ್ರಕ್ಕೆ ಎಸೆದರು, ಆದರೆ ಅವರ ಶಿಶುಗಳು ನೀರಿನಲ್ಲೇ ಉಸಿರಾಡಿ ಬದುಕಿದರು ಎಂಬ ಕತೆಯನ್ನು ಡೆಟ್ರಾಯಿಟಿನ ಡ್ರೆಕ್ಸಿಯಾ ಎಂಬ ಸಂಗೀತ ಜೋಡಿ ಕಟ್ಟಿತು. ಕಲಾವಿದೆ ಎಲೆನ್ ಗ್ಯಾಲಗರ್ ಆ ಲೋಕವನ್ನು ದಪ್ಪ ಕಾಗದದ ಮೇಲೆ ಬಣ್ಣದಿಂದಲೂ ಅಲಗಿನಿಂದಲೂ ಕಡೆದಿದ್ದಾರೆ. ಸತ್ತವರ ಹೆಸರು ಯಾವ ದಾಖಲೆಯಲ್ಲೂ ಉಳಿಯದಿರುವಾಗ ಅವರ ಮಕ್ಕಳು ಪೂರ್ವಿಕರನ್ನು ಇನ್ನೆಲ್ಲಿ ಹುಡುಕಬೇಕು?

ಮುಂದಿನ ತಿಂಗಳು ಇದೇ ಚಿತ್ರಗಳನ್ನು ಮತ್ತೆ ತೋರಿಸಲು ಸಮಯ ಕೇಳಿದ್ದೇನೆ. ಈ ಬಾರಿ ಸೆನೆಕಾ ವಿಲೇಜ್‌ನ ನಕ್ಷೆಯನ್ನು ಮೊದಲು ತೋರಿಸುತ್ತೇನೆ, ಕೋಣೆಯನ್ನು ಆಮೇಲೆ.