ಆನೆಗೇನು ಬುದ್ಧಿ ಅನ್ನೋರಿಗೆ

ಸಕಲೇಶಪುರ, ಆಲೂರು ಕಡೆ ಆನೆ ವಿಚಾರ ಬಂದರೆ ಎರಡು ಮಾತು ಕೇಳುತ್ತೀರಿ. 'ಅದಕ್ಕೇನು ಬುದ್ಧಿ, ಮೃಗ' ಅನ್ನೋದು ಒಂದು. 'ಭಾರೀ ಕಿಲಾಡಿ ಕಣ್ರೀ, ಮನುಷ್ಯರಿಗಿಂತ ಜಾಸ್ತಿ ಬುದ್ಧಿ' ಅನ್ನೋದು ಇನ್ನೊಂದು. ಎಷ್ಟೋ ಸಲ ಎರಡನ್ನೂ ಹೇಳೋದು ಒಬ್ಬರೇ. ಬುದ್ಧಿ ಅಂದ್ರೆ ಏನು ಅಂತಲೇ ನಾವು ಗಟ್ಟಿಯಾಗಿ ಯೋಚನೆ ಮಾಡಿಲ್ಲ, ಅಲ್ವಾ?

ನನ್ನ ಮಟ್ಟಿಗೆ, ಹಿಂದೆಂದೂ ಕಾಣದ ತೊಡಕು ಎದುರಾದಾಗ ತನ್ನ ಮೈಗೆ ಒಗ್ಗುವ ದಾರಿಯನ್ನು ತಾನೇ ಹುಡುಕಿಕೊಳ್ಳುವುದು ಬುದ್ಧಿ. ಸೋಲಾರ್ ಬೇಲಿಯನ್ನೇ ನೋಡಿ. ಒಂದೆರಡು ಸಲ ಶಾಕ್ ಹೊಡೆಸಿಕೊಂಡ ಕೆಲವು ಆನೆಗಳು ಆಮೇಲೆ ದಂತದಿಂದ ತಂತಿ ಕಿತ್ತು ಹಾಕುತ್ತವೆ. ದಂತದಲ್ಲಿ ಚರ್ಮದ ಹಾಗೆ ಕರೆಂಟ್ ಹರಿಯೋದಿಲ್ಲ. ದಂತ ಇಲ್ಲದ ಹೆಣ್ಣಾನೆಯೂ ಸುಮ್ನೆ ಕೂರೋದಿಲ್ಲ, ಮರ ನೂಕಿ ತಂತಿಯ ಮೇಲೆ ಬೀಳಿಸುತ್ತದೆ. ಕಂದಕ ತೋಡಿದರೆ ಅಂಚಿನ ಮಣ್ಣನ್ನು ಕಾಲಲ್ಲಿ ಕೆಡವಿ ಇಳಿಯಲು ದಾರಿ ಮಾಡಿಕೊಳ್ಳುತ್ತವೆ. ಇದೆಲ್ಲ ಹುಟ್ಟುಗುಣ ಅನ್ನೋರು ಹೇಳಲಿ, ಆನೆಯ ಮುತ್ತಜ್ಜಿ ಕಾಲದಲ್ಲಿ ಕರೆಂಟ್ ಬೇಲಿ ಇತ್ತಾ?

ಪಂಡಿತರೂ ಇಲ್ಲಿ ಎಡವಿದ್ದಾರೆ. ಎಟುಕದ ಹಣ್ಣನ್ನು ಚಿಂಪಾಂಜಿ ಕೋಲಿನಿಂದ ಎಳೆದುಕೊಳ್ಳುತ್ತದೆ. ಆನೆಗೂ ಅದೇ ಕೋಲು ಕೊಟ್ಟು ನೋಡಿದರು. ಅದು ಹಣ್ಣಿಗೆ ಕೋಲು ಬಳಸಲಿಲ್ಲ. ಹಾಗಾಗಿ ಆನೆಗೆ ಥಟ್ಟನೆ ಉಪಾಯ ಹೊಳೆಯೋದಿಲ್ಲ ಅಂದುಕೊಂಡರು. 2011ರಲ್ಲಿ ವಾಷಿಂಗ್ಟನ್‌ನ ರಾಷ್ಟ್ರೀಯ ಮೃಗಾಲಯದ ಅಧ್ಯಯನವೊಂದು ಪ್ರಕಟವಾಯಿತು. ಅಲ್ಲಿದ್ದ ಏಳು ವರ್ಷದ ಕಂದುಲ ಅನ್ನೋ ಗಂಡಾನೆಯೂ ಹಣ್ಣಿಗಾಗಿ ಕೋಲು ಬಳಸಲಿಲ್ಲ. ಆದರೆ ಅಂಗಳದಲ್ಲಿದ್ದ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಹಣ್ಣು ಕಟ್ಟಿದ್ದ ಕೊಂಬೆಯ ಕೆಳಗೆ ಉರುಳಿಸಿಕೊಂಡು ಬಂತು. ಅದರ ಮೇಲೆ ಮುಂಗಾಲಿಟ್ಟು ಸೊಂಡಿಲು ಚಾಚಿತು. ಪೆಟ್ಟಿಗೆ ತೆಗೆದಿಟ್ಟಾಗ ಟ್ರ್ಯಾಕ್ಟರ್ ಟೈರ್ ಬಳಸಿತು. ಯಾರೂ ಕಲಿಸಿರಲಿಲ್ಲ. ಕೋಲು ಯಾಕೆ ಬೇಡವಾಯ್ತು? ಸೊಂಡಿಲು ಅಂದ್ರೆ ಮೂಗು. ಕೋಲು ಹಿಡಿದ ಸೊಂಡಿಲಿಗೆ ಹಣ್ಣಿನ ವಾಸನೆ ಹಿಡಿಯೋದು, ತಡವಿ ನೋಡೋದು ಕಷ್ಟ ಅಂತ ಆ ಸಂಶೋಧಕರು ವಿವರಿಸಿದರು. ಅಂದ್ರೆ ಅಷ್ಟು ದಿನ ಕೈಯಿರುವ ಪ್ರಾಣಿಗೆ ಮಾಡಿದ ಪರೀಕ್ಷೆಯನ್ನು ಕೈಯಿಲ್ಲದ್ದಕ್ಕೆ ಕೊಟ್ಟು, ಫೇಲ್ ಅಂತ ಬರೆದಿದ್ದರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಯಾಕಂದ್ರೆ ಮನುಷ್ಯರಿಗೂ ಇದನ್ನೇ ಮಾಡುತ್ತೇವೆ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಬುದ್ಧಿ ಅಳೆಯುವ ಪರೀಕ್ಷೆ ಮಾಡಿದ್ದು ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಸಹಾಯ ಮಾಡಲಿಕ್ಕೆ. ಬುದ್ಧಿ ಬದಲಾಗದ ವಸ್ತು ಅನ್ನೋದನ್ನು ಅವರೇ ಒಪ್ಪುತ್ತಿರಲಿಲ್ಲ. ಆಮೇಲೆ ಬಂದವರು ಅದೇ ಪರೀಕ್ಷೆ ಹಿಡಿದು ಜನರಿಗೆ ಜೀವನಪೂರ್ತಿ ಅಳಿಸದ ಮುದ್ರೆ ಒತ್ತಿದರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಏನಾಗುತ್ತೆ ಅಂತ ನಾನು ಹೇಳಬೇಕಾ?

ನಮ್ಮ ಪಕ್ಕದ ತೋಟದಲ್ಲಿ ಒಬ್ಬ ಅಣ್ಣ ಇದ್ದಾರೆ. ಶಾಲೆಯಲ್ಲಿ 'ದಡ್ಡ' ಅನ್ನಿಸಿಕೊಂಡು ಅರ್ಧಕ್ಕೇ ಬಿಟ್ಟವರು. ಬೆಳಿಗ್ಗೆ ಆಳುಗಳನ್ನು ತೋಟಕ್ಕೆ ಇಳಿಸೋ ಮೊದಲು ಅವರು ಒಂದು ಸುತ್ತು ಹೋಗಿ ಬರಬೇಕು. ಲದ್ದಿ ಕಂಡರೆ ಕೂತು ಅಂಗೈ ಹಿಂಭಾಗ ಇಟ್ಟು ಬಿಸಿ ನೋಡುತ್ತಾರೆ. ಕಡ್ಡಿಯಲ್ಲಿ ಬಿಡಿಸಿ ಹಲಸಿನ ಬೀಜವೋ, ಬೈನೆ ನಾರೋ ಅಂತ ಹುಡುಕುತ್ತಾರೆ. ಮುರಿದ ಕೊಂಬೆಯ ಸೊನೆ ಮುಟ್ಟಿ ಅಂಟುತ್ತಾ ಅಂತ ನೋಡುತ್ತಾರೆ. ಆಮೇಲೆ 'ಮರಿ ಇದೆ, ಹಳ್ಳದ ಕಡೆ ಇಳಿದಿವೆ, ಇವತ್ತು ಆ ಪಟ್ಟಿಗೆ ಯಾರೂ ಬೇಡ' ಅಂತಾರೆ. ಅವರ ಮಾತಿಗೆ ತೋಟದ ಕೆಲಸ-ಲೆಕ್ಕ ನೋಡಿಕೊಳ್ಳೋ ರೈಟರೂ ಎದುರಾಡೋದಿಲ್ಲ.

ಹಾಗಂತ ಆನೆಗೆ ದೇವರ ಬುದ್ಧಿ ಅಂತ ನಾನು ಹೇಳುತ್ತಿಲ್ಲ. ಅದು ಬಂದು ಹೋದ ಗದ್ದೆಯ ಸಂಕಟ, ಆನೆ ತುಳಿತಕ್ಕೆ ಜೀವ ಹೋದ ಮನೆಗಳ ನೋವು ನನಗೂ ಗೊತ್ತು. ಗೊತ್ತಿರೋದಕ್ಕೇ ಹೇಳುತ್ತಿದ್ದೇನೆ. ಆನೆ ಕಲಿಯುತ್ತದೆ ಅಂತ ಒಪ್ಪಿಕೊಂಡೇ ಬೇಲಿಯ ಪ್ಲಾನ್ ಮಾಡಬೇಕು. ತಂತಿ ಎಳೆದು ಬಿಲ್ ಮಾಡಿಸಿಕೊಂಡು ಹೋದರೆ ಸಾಲದು. ಪಕ್ಕದ ಮರ, ಬ್ಯಾಟರಿ, ಕಂದಕದ ಅಂಚು ಇವನ್ನು ದಿನಾ ನೋಡೋರು ಬೇಕು. ಮುಂದಿನ ಸಲ ಆನೆ ಹಾವಳಿ ಬಗ್ಗೆ ಸಭೆ ಕರೆದಾಗ ಆ ಅಣ್ಣನಂಥವರಿಗೂ ಮುಂದಿನ ಸಾಲಲ್ಲಿ ಕುರ್ಚಿ ಹಾಕಿ, ಮೊದಲು ಅವರನ್ನು ಕೇಳಿ.