ನಿಂತ ಗಾಡಿಗೆ ಏನಾಗುತ್ತದೆ ಎಂದು ಕೇಳುವವರಿಗೆ

"ನಿಂತ ಗಾಡಿಗೆ ಎಂಥ ರಿಪೇರಿ ಸಾರ್?" ಈ ಮಾತು ಇನ್ನೊಂದು ಸಲ ಕಿವಿಗೆ ಬಿದ್ದರೆ ನಾನು ಸುಮ್ಮನಿರುವುದಿಲ್ಲ.

ತುಮಕೂರಿನ ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಹತ್ತು ಅಡಿಯ ಕ್ಯಾಂಪಿಂಗ್ ಟ್ರೇಲರ್ ಒಂದಿದೆ. ಇಬ್ಬರು ಮಲಗುವ ಹಾಸಿಗೆ, ಒಂದು ಒಲೆ, 40 ಲೀಟರ್ ನೀರಿನ ಟ್ಯಾಂಕ್, ಅಷ್ಟೇ. ವರ್ಷಕ್ಕೆ ಮೂರು ನಾಲ್ಕು ಸಲ ಕಾರಿನ ಹಿಂದೆ ಕಟ್ಟಿಕೊಂಡು ತಿಪಟೂರಿನ ಕಡೆ ಗೆಳೆಯರ ತೆಂಗಿನ ತೋಟಕ್ಕೋ ಸಕಲೇಶಪುರಕ್ಕೋ ಹೋಗುತ್ತೇವೆ. ಉಳಿದ ದಿನವೆಲ್ಲ ಅದು ನಿಂತೇ ಇರುತ್ತದೆ. ಓಡುವಾಗಿನದಕ್ಕಿಂತ ನಿಂತಾಗಲೇ ಅದು ಹೆಚ್ಚು ಹಾಳಾಗುತ್ತದೆ ಎಂಬುದನ್ನು ಯಾರಿಗೂ ಅರ್ಥ ಮಾಡಿಸಲಾಗುತ್ತಿಲ್ಲ.

ಮೇ ತಿಂಗಳಲ್ಲಿ ಚಾವಣಿಯ ಗಾಳಿಕಿಂಡಿಯ ಸುತ್ತ ನೀರು ಇಳಿಯದಂತೆ ಬಳಿದ ಸಿಲಿಕಾನ್ ಅಂಟು ಬಿರುಕು ಬಿಟ್ಟದ್ದು ಕಂಡಿತು. ಮುಂಗಾರಿಗೆ ಮೊದಲೇ ಸರಿಪಡಿಸೋಣವೆಂದು ಬಸ್ ಬಾಡಿ ಕಟ್ಟುವ ವರ್ಕ್‌ಶಾಪಿಗೆ ಒಯ್ದೆ. ಹಳೆಯದನ್ನು ಪೂರ್ತಿ ಕೆರೆದು ತೆಗೆಯಿರಿ, ಸ್ಪಿರಿಟ್ ಹಾಕಿ ಒರೆಸಿ, ಚೌಕಟ್ಟು ಬಿಚ್ಚಿ ಅಡಿಗೆ ನೀರು ತಡೆಯುವ ಬ್ಯೂಟೈಲ್ ರಬ್ಬರಿನ ಅಂಟು ಟೇಪ್ ಕೂರಿಸಿ ಆಮೇಲೆ ಸ್ಕ್ರೂ ಬಿಗಿಯಿರಿ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಟೇಪನ್ನೂ ನಾನೇ ತಂದುಕೊಟ್ಟೆ. ಹಳೆಯ ಸಿಲಿಕಾನಿನ ಮೇಲೆ ಹೊಸದು ಕಚ್ಚಿಕೊಳ್ಳುವುದಿಲ್ಲ ಎಂಬುದು ಆ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕು. ಸಂಜೆ ಹೋದಾಗ ಚಾವಣಿ ಬೆಳ್ಳಗೆ ಹೊಳೆಯುತ್ತಿತ್ತು. 2,800 ರೂಪಾಯಿ ಎಣಿಸಿ ಕೊಟ್ಟು ಬಂದೆ.

ನಮ್ಮ ಕಡೆ ಮಳೆ ಜೋರಾಗಿ ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಳೆದ ವಾರ ನಾಲ್ಕು ರಾತ್ರಿ ಸುರಿದ ಮೇಲೆ ಬಾಗಿಲು ತೆರೆದರೆ ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಹಿಂದಿನ ಮೂಲೆಯಲ್ಲಿ ಹಾಸಿಗೆ ಎತ್ತಿದೆ. ಪ್ಲೈವುಡ್ ಕಪ್ಪಾಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ನೆನೆದ ಅವಲಕ್ಕಿಯಂತೆ ಮೆತ್ತಗೆ ಒಳಕ್ಕೆ ಹೋಯಿತು, ಪದರ ಪದರವಾಗಿ ಕೈಗೆ ಬಂತು. ಕಿಂಡಿ ಇರುವುದು ನಡುಮಧ್ಯದಲ್ಲಿ, ಕೊಳೆತದ್ದು ಮೂಲೆ. ಸ್ಕ್ರೂ ತೂತಿನಲ್ಲಿ ಇಳಿದ ನೀರು ಶೀಟಿಗೂ ಹಲಗೆಗೂ ನಡುವೆ ಕಳ್ಳನಂತೆ ಹರಿದು ಹೋಗಿ ಇನ್ನೆಲ್ಲೋ ಹೊರಬರುತ್ತದೆ. ಏಣಿ ಹಾಕಿ ಮೇಲೆ ಹತ್ತಿದೆ. ಹೊಸ ಸಿಲಿಕಾನಿನ ತುದಿಯನ್ನು ಉಗುರಿನಲ್ಲಿ ಎಬ್ಬಿಸಿದರೆ ಬಾಳೆನಾರಿನಂತೆ ಉದ್ದಕ್ಕೆ ಸುಲಿದು ಬಂತು. ಅದರಡಿ ಹಳೆಯ ಅಂಟು ಹಾಗೇ ಇದೆ, ಧೂಳು ಹಾಗೇ ಇದೆ, ಒಂದು ಒಣಗಿದ ಹೊಂಗೆ ಎಲೆಯೂ ಹಾಗೇ ಇದೆ! ಎಲೆಯನ್ನು ಊದಿ ಹಾರಿಸುವಷ್ಟು ತಾಳ್ಮೆಯೂ ಇಲ್ಲದೆ ಅದರ ಮೇಲೇ ಬಳಿದಿದ್ದಾರೆ. ಚೌಕಟ್ಟಿನ ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ. ಎಲೆ ಹಿಡಿದುಕೊಂಡೇ ಕೇಳಲು ಹೋದೆ. "ಓಡಿಸದೆ ಇಟ್ಟಿದ್ದೀರಿ ಸಾರ್, ನಿಂತ ಗಾಡಿಗೆ ಹೀಗೇ ಆಗುವುದು" ಎಂದರು. ಮೇ ತಿಂಗಳಲ್ಲಿ "ನಿಂತ ಗಾಡಿಗೆ ಎಂಥ ರಿಪೇರಿ ಸಾರ್, ಏನೂ ಆಗುವುದಿಲ್ಲ" ಎಂದಿದ್ದ ಅದೇ ಬಾಯಿ!

ಹೊರಗಿನವರನ್ನು ಬಿಡಿ, ಮನೆಯವರದೂ ಇದೇ ಕಥೆ. ಆಗಸ್ಟಿನಲ್ಲಿ ನಾನು ಕೆಲಸದ ಮೇಲೆ ಒಂದು ತಿಂಗಳು ಹುಬ್ಬಳ್ಳಿಯಲ್ಲಿದ್ದೆ. ಬಾಮೈದ ಗಾಡಿ ಒಯ್ದು ತಂದು ನಿಲ್ಲಿಸಿ, "ಎಲ್ಲ ಸರಿಯಾಗಿದೆ ಭಾವ" ಎಂದು ಫೋನ್ ಮಾಡಿದ. ಬಂದು ನೋಡಿದರೆ ಟ್ಯಾಂಕಿನಲ್ಲಿ ಅರ್ಧ ನೀರು. ಅದೂ ಬೋರ್‌ವೆಲ್ ನೀರು. ನಮ್ಮ ಗಡುಸು ನೀರನ್ನು ಖಾಲಿ ಮಾಡದೆ ಬಿಟ್ಟರೆ ಪಂಪಿನೊಳಗೆ ಸುಣ್ಣ ಕಟ್ಟುತ್ತದೆ, ಟ್ಯಾಂಕಿನ ತಳದಲ್ಲಿ ಲೋಳೆ ಹಿಡಿಯುತ್ತದೆ. ಒಳಗಿನ ದೀಪವನ್ನೂ ಆರಿಸಿರಲಿಲ್ಲ. 12.6 ವೋಲ್ಟ್ ತೋರಿಸಬೇಕಾದ ಬ್ಯಾಟರಿ 9 ವೋಲ್ಟಿಗೆ ಇಳಿದಿತ್ತು. ಹಾಗೆ ಖಾಲಿಯಾಗಿ ವಾರಗಟ್ಟಲೆ ಬಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಚಾರ್ಜ್ ನಿಲ್ಲುವುದಿಲ್ಲ. ನಿಲ್ಲಲೂ ಇಲ್ಲ. ಹೊಸ ಬ್ಯಾಟರಿಯ ದುಡ್ಡು ಯಾರು ಕೊಟ್ಟರು? ನಾನೇ.

ಟೈರನ್ನೂ ಹೇಳಿಬಿಡುತ್ತೇನೆ. ಹೊಸದು ಎಂದು ಕಟ್ಟಿದ ಟೈರಿನ ಪಕ್ಕದಲ್ಲಿ 1119 ಎಂಬ ನಾಲ್ಕು ಅಂಕಿ. ಅಂದರೆ 2019ರ 11ನೇ ವಾರ ತಯಾರಾದ ಮಾಲು. ರಬ್ಬರು ನಿಂತಲ್ಲೇ ಮುಪ್ಪಾಗುತ್ತದೆ ಎಂದು ಅಂಗಡಿಯವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು.

ಮೂರು ದಿನದಿಂದ ನಾನೇ ಚಾವಣಿಯ ಮೇಲೆ ಕುಳಿತು ಬ್ಲೇಡಿನಲ್ಲಿ ಕೆರೆಯುತ್ತಿದ್ದೇನೆ. ಬೆರಳುಗಳಲ್ಲಿ ಗುಳ್ಳೆ ಎದ್ದಿದೆ. ಇನ್ನೊಂದು ಬದಿ ಬಾಕಿ ಇದೆ, ಸಂಜೆಯಾದರೆ ಮೋಡ ಕಟ್ಟುತ್ತದೆ, ಟಾರ್ಪಾಲಿನ್ ಎಳೆದು ಇಳಿಯಬೇಕು. ನಿನ್ನೆ ರಾತ್ರಿ ಬಾಮೈದನ ಫೋನ್ ಬಂತು, ದಸರಾ ರಜೆಗೆ ಗಾಡಿ ಬೇಕಂತೆ. ಕೊಡುವುದಿಲ್ಲ ಎಂದು ನೇರವಾಗಿ ಹೇಳಿದೆ. ಹೆಂಡತಿಗೆ ಬೇಸರವಾಗಿದೆ. ಆಗಲಿ. ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತದೆ.